ಅಳತೆಯ ಪೆಟ್ಟಿಗೆಗೆ ಮರುಜೀವ

ತಕ್ಕಡಿಯ ಮುಳ್ಳು ಸ್ವಲ್ಪ ವಾಲಿದ್ದರೆ ಆ ಅಂಗಡಿಗೆ ಬಂದ ಗಿರಾಕಿಗಳೆಲ್ಲ ನಷ್ಟ ಅನುಭವಿಸುತ್ತಾರೆ. ಜ್ವರ ನೋಡುವ ಥರ್ಮಾಮೀಟರ್ ಎರಡು ಡಿಗ್ರಿ ಕಡಿಮೆ ತೋರಿಸಿದರೆ ತಾಯಿ ನೆಮ್ಮದಿಯಿಂದ ಮಲಗುತ್ತಾಳೆ, ಮಗುವಿನ ಮೈ ಮಾತ್ರ ಸುಡುತ್ತಲೇ ಇರುತ್ತದೆ. ಮಿಕ್ಸಿ ಕೆಟ್ಟರೆ ನಮಗೆ ಕೂಡಲೇ ಗೊತ್ತಾಗುತ್ತದೆ, ಅದು ತಿರುಗುವುದಿಲ್ಲ. ಆದರೆ ಅಳತೆಯ ಸಾಧನ ಕೆಟ್ಟರೆ ಅದು ಮೊದಲಿನಂತೆಯೇ ಏನೋ ಒಂದು ಅಂಕಿ ತೋರಿಸುತ್ತಿರುತ್ತದೆ, ನಾವು ಅದನ್ನು ನಂಬುತ್ತಿರುತ್ತೇವೆ. ಹಾಗಾದರೆ ಅಳೆಯುವ ಸಾಧನವನ್ನು ಪರೀಕ್ಷಿಸುವುದು ಹೇಗೆ? ಈ ಪ್ರಶ್ನೆ ನನಗೆ ಹೊಳೆದದ್ದು ತರಗತಿಯಲ್ಲಲ್ಲ, ರೇಡಿಯೊ ರಿಪೇರಿಯ ಹಳೆಯ ಸಲಕರಣೆಗಳ ಮುಂದೆ ಕುಳಿತಾಗ.

ನಾನು ಮದ್ರಸದಲ್ಲಿ ಕಲಿತವಳು, ಆಮೇಲೆ ಬಿ.ಎ. ಮುಗಿಸಿ ಶಿಕ್ಷಕಿಯಾದವಳು. ಇವಳಿಗೂ ರೇಡಿಯೊ ಸಲಕರಣೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧ ನನ್ನ ಅಬ್ಬಾರಿಂದ ಬಂದದ್ದು. ಶಿವಮೊಗ್ಗದಲ್ಲಿ ಅವರದೊಂದು ಚಿಕ್ಕ ರೇಡಿಯೊ ರಿಪೇರಿ ಅಂಗಡಿ ಇತ್ತು. ಮದ್ರಸದಿಂದ ಬರುವಾಗ ನಾನು ಅಲ್ಲಿಗೆ ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಕಾದ ಸೋಲ್ಡರಿಂಗ್ ಕಡ್ಡಿಯನ್ನು ಹಿಡಿಯುವುದನ್ನು ಹತ್ತನೇ ವಯಸ್ಸಿನಲ್ಲೇ ಕಲಿತಿದ್ದೆ. ಟಿ.ವಿ. ಬಂದ ಮೇಲೆ ರೇಡಿಯೊಗಳ ರಿಪೇರಿ ಕಡಿಮೆಯಾಯಿತು. 1998ರಲ್ಲಿ, ನಾನು ಕಾಲೇಜಿಗೆ ಸೇರಿದ ವರ್ಷ, ಅಬ್ಬಾ ಅಂಗಡಿಯನ್ನು ಮುಚ್ಚಿದರು. ತಮ್ಮ ಮೀಟರ್, ಸಿಗ್ನಲ್ ಜನರೇಟರ್ ಎಲ್ಲವನ್ನೂ ಮಾರಿದರು. ಆ ಹಣ ನನ್ನ ಕಾಲೇಜು ಶುಲ್ಕಕ್ಕೆ ಹೋಯಿತೆಂದು ಅಮ್ಮಿ ನನಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ.

ಮುಂದೆ ಸಕ್ಕರೆ ಕಾಯಿಲೆ ಅಬ್ಬಾರ ಕಣ್ಣಿನ ಒಳಪದರಕ್ಕೆ ಹಬ್ಬಿತು. ದೊಡ್ಡದು, ಬೆಳಕಿರುವುದು ಮಾತ್ರ ಕಾಣುತ್ತಿತ್ತು, ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ದಿನವಿಡೀ ಮಾತಾಡುತ್ತಿದ್ದ ಮನುಷ್ಯ ಗೋಡೆಗೆ ಒರಗಿ ಮೌನವಾಗಿ ಕೂರತೊಡಗಿದರು. ನಮ್ಮಲ್ಲಿ ವೃದ್ಧರಿಗೆ ಊಟ, ಔಷಧ, ಹಾಸಿಗೆ ಕೊಟ್ಟರೆ ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತೇವೆ. ಅವರ ಕೈಗಳಿಗೆ ಕೆಲಸವೂ ಬೇಕೆಂಬುದು ನಮ್ಮ ಗಮನಕ್ಕೆ ಬರುವುದೇ ಇಲ್ಲ.

2011ರ ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಚಿಕ್ಕಪೇಟೆ ಸುತ್ತಲಿನ ಸಂಡೇ ಬಜಾರಿನಲ್ಲಿ, ಹಳೆ ಬೀಗ, ಫ್ಯಾನು, ಪಾತ್ರೆಗಳ ನಡುವೆ, ಎರಡು ಪೆಟ್ಟಿಗೆಗಳು ಕಂಡವು. ಒಂದು ಕಪ್ಪು ಏವೊ ಮೀಟರ್. ಇನ್ನೊಂದು ಹೆಸರು ಅಳಿಸಿಹೋಗಿದ್ದ, ವಾಲ್ವ್‌ಗಳ ಸಿಗ್ನಲ್ ಜನರೇಟರ್. ಗುಜರಿಯವನು ತೂಕ ನೋಡಿಯೇ ಬೆಲೆ ಹೇಳಿದ. ಎರಡನ್ನೂ ಗೋಣಿಚೀಲದಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ತಂದೆ.

ಏವೊ ಎಂದರೆ ಆಂಪ್, ವೋಲ್ಟ್, ಓಮ್ ಎಂಬ ಮೂರು ಅಳತೆಗಳ ಮೊದಲ ಅಕ್ಷರಗಳು. ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ಎಂಬವರು ಪ್ರತಿಯೊಂದು ಅಳತೆಗೂ ಬೇರೆ ಬೇರೆ ಮೀಟರ್ ಹೊತ್ತು ತಿರುಗುವ ತಾಪತ್ರಯ ತಪ್ಪಿಸಲು ಇದನ್ನು ರೂಪಿಸಿದರು. ಮೊದಲ ಮೀಟರ್ ಬಂದದ್ದು 1923ರಲ್ಲಿ. ನಾನು ತಂದದ್ದು ಎಂಟನೇ ಮಾದರಿ. ಅದು 1951ರಲ್ಲಿ ಮಾರುಕಟ್ಟೆಗೆ ಬಂದು 2008ರವರೆಗೂ ತಯಾರಾಗುತ್ತಿತ್ತು. ಅದರ ಮುಳ್ಳಿನ ಕೆಳಗೆ ಕನ್ನಡಿಯ ಒಂದು ಪಟ್ಟಿ ಇದೆ. ಮುಳ್ಳು ತನ್ನ ಪ್ರತಿಬಿಂಬವನ್ನು ಮುಚ್ಚುವಂತೆ ನೇರವಾಗಿ ನೋಡಿದರೆ ಮಾತ್ರ ಅಂಕಿ ಸರಿಯಾಗಿ ಸಿಗುತ್ತದೆ. ಓರೆಯಾಗಿ ನೋಡುವವರಿಗೆ ಸರಿಯಾದ ಮೀಟರ್ ಕೂಡ ತಪ್ಪು ಲೆಕ್ಕ ಕೊಡುತ್ತದೆ.

ಮೀಟರಿನ ರೋಗ ಸರಳವಾಗಿತ್ತು. ಒಳಗಿದ್ದ ಹಳೆಯ ಟಾರ್ಚ್ ಸೆಲ್ ಸೋರಿ ಹಿತ್ತಾಳೆಯ ಪಟ್ಟಿಗೆ ಹಸಿರು ಕಿಲುಬು ಹಿಡಿದಿತ್ತು. ಅಂಥ ಹಳೆಯ ಸೆಲ್‌ಗಳ ಸೋರಿಕೆ ಆಮ್ಲ ಗುಣದ್ದು. ಅಡುಗೆ ಸೋಡಾವನ್ನು ನೀರಿನಲ್ಲಿ ಕದಡಿ, ಹತ್ತಿಯ ತುದಿಗೆ ಅದ್ದಿ, ಹಿಂಡಿ, ಒರೆಸಿದೆ. ಈಗಿನ ಆಲ್ಕಲೈನ್ ಸೆಲ್ ಸೋರಿದ್ದರೆ ಸೋಡಾ ಕೆಲಸಕ್ಕೆ ಬಾರದು, ಅದಕ್ಕೆ ನಿಂಬೆರಸ ಅಥವಾ ವಿನೆಗರ್ ಬೇಕು. ಈ ಮೀಟರಿಗೆ 15 ವೋಲ್ಟ್‌ನ ಇನ್ನೊಂದು ಬ್ಯಾಟರಿಯೂ ಬೇಕು. ಆ ಬ್ಯಾಟರಿ ನನಗೆ ಎಲ್ಲೂ ಸಿಗಲಿಲ್ಲ. ಕಾರಿನ ರಿಮೋಟ್‌ಗೆ ಹಾಕುವ 12 ವೋಲ್ಟ್‌ನ ಚಿಕ್ಕ ಬ್ಯಾಟರಿಯ ಜೊತೆಗೆ 3 ವೋಲ್ಟ್‌ನ ನಾಣ್ಯದಾಕಾರದ ಸೆಲ್ ಸೇರಿಸಿದರೆ 15 ಆಗುತ್ತದೆ. ಅವೆರಡನ್ನೂ ರಟ್ಟಿನ ಕೊಳವೆಯಲ್ಲಿ ಕೂರಿಸಿದೆ. ಮುಳ್ಳು ಎದ್ದಿತು. ಅಬ್ಬಾ ಅದರ ಎರಡು ದೊಡ್ಡ ಗುಂಡಿಗಳನ್ನು ಬೆರಳಿನಿಂದ ತಡವಿ, "ಎಡಗಡೆಯದು ಡಿ.ಸಿ., ಬಲಗಡೆಯದು ಎ.ಸಿ." ಎಂದರು. ಅನೇಕ ತಿಂಗಳ ಬಳಿಕ ತಾವಾಗಿಯೇ ಆಡಿದ ಮಾತು ಅದು.

ಸಿಗ್ನಲ್ ಜನರೇಟರಿನ ವಿಷಯ ಬೇರೆ. ಅದು ನಮಗೆ ಬೇಕಾದ ಅಲೆಯನ್ನು ತಾನೇ ಹುಟ್ಟಿಸುವ ಪೆಟ್ಟಿಗೆ, ಮನೆಯೊಳಗಿನ ಒಂದು ಪುಟ್ಟ ರೇಡಿಯೊ ಕೇಂದ್ರವೆನ್ನಿ. ಆಕಾಶವಾಣಿಯಿಂದ ಬಂದ ಅಲೆಯನ್ನು ರೇಡಿಯೊ ಸೆಟ್ ತನ್ನೊಳಗೆ ಒಂದು ನಿಗದಿತ ಆವರ್ತನಕ್ಕೆ ಬದಲಿಸಿಕೊಳ್ಳುತ್ತದೆ. ಅನೇಕ ಸೆಟ್‌ಗಳಲ್ಲಿ ಅದು 455 ಕಿಲೋಹರ್ಟ್ಸ್. ಮೆಕ್ಯಾನಿಕ್ ಜನರೇಟರಿನಿಂದ 455ರ ಅಲೆ ಕೊಟ್ಟು ಸೆಟ್ಟಿನ ಕಾಯಿಲ್‌ಗಳನ್ನು ಆ ಅಲೆಗೆ ಹೊಂದಿಸುತ್ತಾನೆ. ಜನರೇಟರಿನ ಡಯಲ್ 455 ಎಂದು ತೋರಿಸುತ್ತ ಬೇರೇನೋ ಹೊರಡಿಸುತ್ತಿದ್ದರೆ? ಆ ಅಂಗಡಿಗೆ ಬಂದ ಒಂದೊಂದು ರೇಡಿಯೊವೂ ದಾರಿ ತಪ್ಪುತ್ತದೆ. ಸ್ಟೇಷನ್‌ಗಳು ಡಯಲ್ ಮೇಲೆ ಬರೆದ ಜಾಗದಲ್ಲಿ ಸಿಗುವುದಿಲ್ಲ, ದನಿ ಕ್ಷೀಣಿಸುತ್ತದೆ. ತಪ್ಪು ಮಾತ್ರ ಯಾರಿಗೂ ಕಾಣುವುದಿಲ್ಲ.

ಮನೆಗೆ ತಂದ ಸಂಜೆ ನನ್ನ ತಮ್ಮ ಅದರ ಪ್ಲಗ್ ಹಿಡಿದು ಗೋಡೆಯತ್ತ ಹೊರಟಿದ್ದ. "ಬೇಡ ಬೇಟಾ, ಮೊದಲು ಬಿಚ್ಚಿ ನೋಡಿ" ಎಂದು ಅಬ್ಬಾ ತಡೆದರು. ಬಿಚ್ಚಿದಾಗ ಕಾರಣ ತಿಳಿಯಿತು. ವೈರಿನ ರಬ್ಬರ್ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಅದು ಎರಡೇ ತಂತಿಯ ವೈರು, ಅರ್ತಿಂಗ್ ಇರಲಿಲ್ಲ. ಕರೆಂಟಿನ ತಂತಿಯಿಂದ ಲೋಹದ ಪೆಟ್ಟಿಗೆಗೆ ಒಂದು ಹಳೆಯ ಕಂಡೆನ್ಸರ್ ಬೆಸೆದಿತ್ತು. ಅದು ಶಾರ್ಟ್ ಆದರೆ ಇಡೀ ಪೆಟ್ಟಿಗೆಗೆ 230 ವೋಲ್ಟ್ ಹರಿಯುತ್ತದೆ. ಮನೆಯಲ್ಲಿ ತೆವಳುವ ಮಗುವಿತ್ತು. ಒಮ್ಮೆ ಪ್ಲಗ್ ಹಾಕಿ ನೋಡೋಣ ಎಂಬ ಕುತೂಹಲಕ್ಕೆ ಎಂಥ ಬೆಲೆ ತೆರಬೇಕಾಗುತ್ತಿತ್ತೋ ಯೋಚಿಸಿ.

ಆದ್ದರಿಂದ ಮೊದಲು ಮಾಡಿದ್ದು ಸುರಕ್ಷತೆಯ ಕೆಲಸ. ಮೂರು ತಂತಿಯ ಹೊಸ ವೈರು, ಪೆಟ್ಟಿಗೆಗೆ ಗಟ್ಟಿಯಾದ ಅರ್ತಿಂಗ್, ಫೇಸ್ ತಂತಿಗೆ ಫ್ಯೂಸ್. ಆ ಹಳೆಯ ಕಂಡೆನ್ಸರ್ ತೆಗೆದು ಅದೇ ಉದ್ದೇಶಕ್ಕೆಂದು ತಯಾರಾಗುವ ಸುರಕ್ಷಿತ ಜಾತಿಯದನ್ನು ಹಾಕಿದೆವು. ನಂತರ ಮೇಣ ಲೇಪಿಸಿದ ಕಾಗದದ ಕಂಡೆನ್ಸರ್‌ಗಳ ಸರದಿ. ವರ್ಷಗಳು ಕಳೆದಂತೆ ಅವು ತಡೆಯಬೇಕಾದ ಕರೆಂಟನ್ನು ಸೋರಲು ಬಿಡುತ್ತವೆ, ವಾಲ್ವ್ ಅತಿಯಾಗಿ ಕಾಯುತ್ತದೆ. ಫಿಲ್ಟರ್ ಕಂಡೆನ್ಸರ್‌ಗಳು ಒಳಗೇ ಒಣಗಿದ್ದವು. ಕಾರ್ಬನ್ ರೆಸಿಸ್ಟರ್‌ಗಳನ್ನು ಒಂದೊಂದಾಗಿ ಅಳೆದಾಗ ಕೆಲವು ಬರೆದದ್ದಕ್ಕಿಂತ ತುಂಬಾ ಮೇಲೇರಿದ್ದವು. ಈ ಅಳತೆಗೆಲ್ಲ ಏವೊ ಮೀಟರ್ ನೆರವಾಯಿತು. ವಾಸಿಯಾದ ಒಂದು ರೋಗಿ ಇನ್ನೊಂದಕ್ಕೆ ದಾದಿಯಾದಂತೆ.

ಎ.ಸಿ. ಕರೆಂಟನ್ನು ಡಿ.ಸಿ. ಮಾಡಲು ಅದರಲ್ಲಿ ಸೆಲೆನಿಯಮ್ ರೆಕ್ಟಿಫೈಯರ್ ಇತ್ತು. ಅದು ಸುಟ್ಟರೆ ಕೊಳೆತ ವಾಸನೆಯ ವಿಷದ ಹೊಗೆ ಬರುತ್ತದೆ. ಅದರ ಬದಲು ಸಣ್ಣ ಸಿಲಿಕಾನ್ ಡಯೋಡ್ ಹಾಕಿದೆ. ಆದರೆ ಸಿಲಿಕಾನ್ ಕರೆಂಟಿಗೆ ಒಡ್ಡುವ ತಡೆ ಕಡಿಮೆ, ಹಾಗಾಗಿ ವೋಲ್ಟೇಜ್ ಏರಿ ಮುದಿ ವಾಲ್ವ್‌ಗಳಿಗೆ ಭಾರವಾಗುತ್ತದೆ. ಅದನ್ನು ಇಳಿಸಲು ಸಾಲಿನಲ್ಲಿ ಒಂದು ರೆಸಿಸ್ಟರ್ ಸೇರಿಸಬೇಕಾಯಿತು. ಹಳೆಯದಕ್ಕೆ ಹೊಸ ಬಲ ಕೊಡುವಾಗ ಅದು ತಾಳುವಷ್ಟೇ ಕೊಡಬೇಕೆಂದು ಅಬ್ಬಾ ನೆನಪಿಸಿದರು. ಒಂದು ವಾಲ್ವ್ ಪೂರ್ತಿ ಸತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆ ದಾಸ್ತಾನಿನಲ್ಲಿ ಬಿಇಎಲ್ ಮುದ್ರೆಯ ವಾಲ್ವ್ ದೊರೆಯಿತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ರೇಡಿಯೊ ವಾಲ್ವ್‌ಗಳನ್ನೂ ತಯಾರಿಸುತ್ತಿತ್ತು.

ಮೊದಲ ಬಾರಿ ಕರೆಂಟ್ ಕೊಟ್ಟದ್ದು ಸೀರೀಸ್ ಬಲ್ಬಿನ ಮೂಲಕ. 60 ವ್ಯಾಟ್‌ನ ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಚಿಂತೆಯಿಲ್ಲ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆಯೆಂದರ್ಥ. ನಮ್ಮ ಬಲ್ಬ್ ಹೊಳೆದು ಮಂಕಾಯಿತು. ವಾಲ್ವ್‌ನ ಒಳಗೆ ಕೆಂಡದ ಎಳೆ ಕಾಣಿಸಿತು. ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕಂಡೆನ್ಸರ್‌ಗಳಲ್ಲಿ ಅಪಾಯದ ಕರೆಂಟ್ ಉಳಿದಿರುತ್ತದೆ, ರೆಸಿಸ್ಟರಿನ ಮೂಲಕ ಅದನ್ನು ಖಾಲಿ ಮಾಡದೆ ಒಳಗೆ ಕೈ ಹಾಕಬಾರದು.

ಒಂದು ಜಾಗವನ್ನು ಮಾತ್ರ ನಾವು ಮುಟ್ಟಲಿಲ್ಲ. ಅಲೆ ಹುಟ್ಟುವ ಕಾಯಿಲ್ ಮತ್ತು ಅದರ ಸುತ್ತಲಿನ ತಂತಿಗಳು. ಅಲ್ಲಿ ಒಂದು ತಂತಿ ಸ್ವಲ್ಪ ಬಾಗಿದರೂ ಡಯಲಿನ ಲೆಕ್ಕ ಕೆಡುತ್ತದೆ. ಹೊಳಪು ಬರಲೆಂದು ತಿಕ್ಕಿ ತೊಳೆಯುವವರು ಹಾಳುಮಾಡುವುದು ಈ ಜಾಗವನ್ನೇ. ಮೆತ್ತನೆಯ ಕುಂಚದಿಂದ ಹೊರಗಿನ ಧೂಳು ತೆಗೆದು ಬಿಟ್ಟೆವು.

ಇನ್ನು ಮೂಲ ಪ್ರಶ್ನೆ. ಪೆಟ್ಟಿಗೆ ನಡೆಯುತ್ತಿದೆ ನಿಜ, ನಿಜ ಹೇಳುತ್ತಿದೆಯೇ? ಇದಕ್ಕೆ ನಂಬಿಕಸ್ಥ ಸಾಕ್ಷಿ ಬೇಕು. ಆ ಸಾಕ್ಷಿ ನಮಗೆ ಹತ್ತಿರದಲ್ಲೇ ಇತ್ತು, ಭದ್ರಾವತಿ ಆಕಾಶವಾಣಿ. ಅದರ ಪ್ರಸಾರ 675 ಕಿಲೋಹರ್ಟ್ಸ್‌ನಲ್ಲಿ ಬರುತ್ತಿತ್ತು. ರೇಡಿಯೊ ಕೇಂದ್ರದ ಆವರ್ತನವನ್ನು ಸ್ಫಟಿಕದ ಕಂಪನ ಹಿಡಿದಿಡುತ್ತದೆ, ಅದು ಅತ್ತಿತ್ತ ಜಾರುವುದಿಲ್ಲ. ಒಂದು ಸಂಜೆ ಜನರೇಟರನ್ನು ಅರ್ಧ ಗಂಟೆ ಕಾಯಲು ಬಿಟ್ಟು, ಪಕ್ಕದಲ್ಲಿ ರೇಡಿಯೊ ಇಟ್ಟು ಭದ್ರಾವತಿಗೆ ಹೊಂದಿಸಿದೆವು. ಜನರೇಟರಿನ ಡಯಲನ್ನು ಮೆಲ್ಲಗೆ ತಿರುಗಿಸಿದಾಗ ವಾರ್ತೆಯ ದನಿಯ ಮೇಲೆ ಶಿಳ್ಳೆ ಎದ್ದಿತು. ಎರಡು ಅಲೆಗಳ ನಡುವಿನ ವ್ಯತ್ಯಾಸವೇ ಆ ಶಿಳ್ಳೆ. ವ್ಯತ್ಯಾಸ ಕಡಿಮೆಯಾದಂತೆ ಶಿಳ್ಳೆ ತಗ್ಗಿ ಗುಂಯ್‌ಗುಡುತ್ತದೆ, ಎರಡೂ ಒಂದಾದಾಗ ಮಾಯವಾಗುತ್ತದೆ.

ಇಲ್ಲಿ ಕಣ್ಣಿಗೆ ಕೆಲಸವಿಲ್ಲ, ಕಿವಿಗೆ ಮಾತ್ರ. ಅಬ್ಬಾ ಕತ್ತು ಬಾಗಿಸಿ ಕೇಳುತ್ತ, ತಮ್ಮ ಕೈಯಿಂದಲೇ ಗುಂಡಿ ತಿರುಗಿಸಿ, "ಈಗ" ಎಂದರು. ನಾನು ಡಯಲ್ ನೋಡಿದೆ. ಮುಳ್ಳು 690ರ ಹತ್ತಿರ ನಿಂತಿತ್ತು. ಅಂದರೆ ಪೆಟ್ಟಿಗೆ 15 ಕಿಲೋಹರ್ಟ್ಸ್ ಹೆಚ್ಚು ಹೇಳುತ್ತಿತ್ತು. ರಾತ್ರಿ ಬೆಂಗಳೂರಿನ 612 ಸಿಕ್ಕಾಗ ಅಲ್ಲೂ ಪರೀಕ್ಷಿಸಿದೆವು. ಡಯಲಿನ ಕೆಳತುದಿಯನ್ನು ಕಾಯಿಲಿನ ಕೋರ್‌ನಿಂದಲೂ ಮೇಲ್ತುದಿಯನ್ನು ಟ್ರಿಮ್ಮರ್‌ನಿಂದಲೂ ಸರಿಪಡಿಸಬೇಕು. ಒಂದನ್ನು ತಿದ್ದಿದರೆ ಇನ್ನೊಂದು ಸ್ವಲ್ಪ ಕದಲುತ್ತದೆ. ಇಶಾ ನಮಾಝಿನ ನಂತರ ಕುಳಿತು, ನಾಲ್ಕು ರಾತ್ರಿ ಅಲ್ಲಿಂದಿಲ್ಲಿಗೆ ತಿದ್ದಿದೆವು. ಅವರು ಕೇಳಿದರು, ನಾನು ಓದಿದೆ.

ಆದರೆ ನಾನು ಶಾಲೆಗೆ ಹೋದಾಗ ಅವರಿಗೆ ಓದಿ ಹೇಳುವವರು ಯಾರು? ಅದಕ್ಕಾಗಿ ಒಂದು ಹೊಸ ಅಂಗ ಜೋಡಿಸಿದೆ. ಒಂದು ಸೆಕೆಂಡಿನಲ್ಲಿ ಎಷ್ಟು ಅಲೆಗಳು ಬಂದವೆಂದು ಎಣಿಸಿ ಅಂಕಿಗಳಲ್ಲಿ ತೋರಿಸುವ ಡಿಜಿಟಲ್ ಕೌಂಟರ್. ಅಂಗೈಯಗಲದ ಸರ್ಕ್ಯೂಟ್, ದೊಡ್ಡ ಕೆಂಪು ಅಂಕಿಗಳು. ಹಳೆಯ ಪೆಟ್ಟಿಗೆಯ ಮುಖವನ್ನು ಕೊರೆಯಲು ಮನಸ್ಸು ಬರಲಿಲ್ಲ. ಕೌಂಟರನ್ನು ಬೇರೆ ಡಬ್ಬಿಯಲ್ಲಿ ಕೂರಿಸಿ, ಅಲೆಗೆ ಭಾರವಾಗದಂತೆ ನಡುವೆ ಒಂದು ಟ್ರಾನ್ಸಿಸ್ಟರ್ ಇಟ್ಟು, ವೈರಿನಿಂದ ಜೋಡಿಸಿದೆ. ಬೇಡವೆನಿಸಿದರೆ ಕಳಚಿಡಬಹುದು, ಮೂಲ ಪೆಟ್ಟಿಗೆಗೆ ಗಾಯವಿಲ್ಲ. ಅಬ್ಬಾ ಗೇಣು ದೂರದಿಂದ ಕಣ್ಣು ಕಿರಿದಾಗಿಸಿ ನೋಡಿ, ಒಂದೊಂದೇ ಅಂಕಿಯನ್ನು ಓದಿದರು: "ಆರು. ಏಳು. ಐದು." ಅಮ್ಮಿ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ಬಳಿಕ ಅಬ್ಬಾರನ್ನು ಹುಡುಕಿಕೊಂಡು ಜನ ಬರತೊಡಗಿದರು. ಅಟ್ಟದ ಮೇಲಿದ್ದ ತಂದೆಯ ರೇಡಿಯೊ, ತಾತನ ರೇಡಿಯೊ ಹೊತ್ತು ತರುತ್ತಿದ್ದರು. ಬೆಸುಗೆ ನನ್ನ ಸೋದರಸೊಸೆಯದು. ಜರಿ ಕಸೂತಿ ಮಾಡಿ ಪಳಗಿದ ಬೆರಳುಗಳಿಗೆ ಸಣ್ಣ ಬೆಸುಗೆ ಕಷ್ಟವೆನಿಸಲಿಲ್ಲ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ಕೇಳಿದ ನೆರೆಯವರೇ ಮುಂದೆ ತಮ್ಮ ಇಸ್ತ್ರಿಪೆಟ್ಟಿಗೆ ತಂದುಕೊಟ್ಟರು. 2016ರಲ್ಲಿ ಅಬ್ಬಾ ತೀರಿಕೊಂಡರು. ಕೊನೆಯ ಐದು ವರ್ಷ ಅವರು ಗೋಡೆಗೆ ಒರಗಿ ಸುಮ್ಮನೆ ಕುಳಿತದ್ದನ್ನು ನಾನು ಕಾಣಲಿಲ್ಲ.

ಸಹೋದರಿಯರೇ, ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಪೆಟ್ಟಿಗೆ ಇರಬಹುದು. ಗುಜರಿಯವನ ತಕ್ಕಡಿಗೆ ಹಾಕುವ ಮೊದಲು ಅದು ಏನನ್ನು ಅಳೆಯುತ್ತಿತ್ತೆಂದು ಮನೆಯ ಹಿರಿಯರನ್ನು ಕೇಳಿ. ಹಾಗೆಯೇ ಪ್ಲಗ್ ಮಾತ್ರ ಹಾಕಬೇಡಿ, ಕೆಲಸ ಬಲ್ಲವರಿಂದ ಬಿಚ್ಚಿಸಿ ನೋಡಿ. ಸರಿಪಡಿಸಿದರೆ ಅದರ ಒಳಗೆ ಒಂದು ಚೀಟಿ ಅಂಟಿಸಿ. ಯಾವ ಭಾಗ ಬದಲಾಯಿತು, ಯಾವ ವರ್ಷ, ಯಾರ ಕೈಯಿಂದ ಎಂದು ಬರೆಯಿರಿ. ಮುಂದೆ ಬಿಚ್ಚುವವರಿಗೆ ಅದು ದಾರಿ ತೋರಿಸುತ್ತದೆ. ನಮ್ಮ ಜನರೇಟರಿನ ಮುಚ್ಚಳದ ಒಳಗೆ ನನ್ನ ಅಕ್ಷರದಲ್ಲಿ ಅಂಥ ಚೀಟಿ ಇದೆ. ಅದರ ಕೆಳಗೆ ಅಬ್ಬಾ ಕೈ ತಡವಿ ಹಾಕಿದ, ಸಾಲು ತಪ್ಪಿದ ಸಹಿ ಇದೆ.