ಮಿಲ್ವಾಕಿಯ ಹಗೇವು

ಧಾರವಾಡದ ಸೀಮೆಯ ಹಳೆಯ ಮನೆಗಳಲ್ಲಿ ಹಗೇವು ಎಂಬುದೊಂದಿರುತ್ತಿತ್ತು. ನೆಲದೊಳಗೆ ಆಳವಾಗಿ ತೋಡಿದ ಕಣಜವದು. ಬಾಯಿ ಕಿರಿದು, ಹೊಟ್ಟೆ ಹಿರಿದು. ಸುತ್ತ ಒಣಹುಲ್ಲು ಹೊಂದಿಸಿ, ಜೋಳವನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿಯಿಟ್ಟು ಮಣ್ಣು ಮೆತ್ತಿದರೆ ಮುಗಿಯಿತು. ಮೇಲೆ ಬಿಸಿಲು ಸುಡಲಿ, ಮಳೆ ಸುರಿಯಲಿ, ಒಳಗಿನ ಕಾಳಿಗೆ ಅದರ ಗೊಡವೆಯಿಲ್ಲ. ಹಗೇವು ತೆಗೆಯುವ ದಿನ ಯಾರೂ ಅವಸರದಿಂದ ಒಳಗಿಳಿಯುತ್ತಿರಲಿಲ್ಲ. ಕಲ್ಲು ಸರಿಸಿ, ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಮನುಷ್ಯನೂ ಆರಿಹೋಗುತ್ತಾನೆಂಬುದು ಹಿರಿಯರಿಗೆ ಗೊತ್ತಿತ್ತು.

ಅಂಥದೊಂದು ಮನೆಯಲ್ಲಿ ಹುಟ್ಟಿದ ಹುಡುಗನೊಬ್ಬ ಇಂಜಿನಿಯರಿಂಗ್ ಓದಿ ಅಮೆರಿಕೆಗೆ ಹೋದ. ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಶಿಗನ್ ಸರೋವರದ ದಂಡೆಯ ಮೇಲಿರುವ ಮಿಲ್ವಾಕಿ ನಗರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ. ಆ ಊರು ಬಿಯರಿಗೆ ಹೆಸರಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ ಜರ್ಮನರು ತಮ್ಮ ಭಾಷೆಯೊಂದಿಗೆ ಪಾನೀಯವನ್ನೂ ತಂದರು. ಅವರಲ್ಲೊಬ್ಬನಾದ ಫ್ರೆಡರಿಕ್ ಮಿಲ್ಲರ್ 1855ರಲ್ಲಿ ಕೊಂಡ ಭಟ್ಟಿಗೆ ಸೇರಿದಂತೆ, ಗುಡ್ಡದ ಮಗ್ಗುಲನ್ನು ಕೊರೆದು ಮಾಡಿದ ಗವಿಗಳು ಇಂದಿಗೂ ನೋಡಲು ಸಿಗುತ್ತವೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಮಂಜುಗಡ್ಡೆಯನ್ನು ಕೊಯ್ದು ತಂದು ಪೇರಿಸಿ, ಪೀಪಾಯಿಗಳನ್ನು ಆ ತಂಪಿನಲ್ಲಿ ಮಲಗಿಸುತ್ತಿದ್ದರು.

ತಂಪಿನ ಈ ಚಿಂತೆ ಜರ್ಮನರಿಗೆ ಹೊಸದಾಗಿರಲಿಲ್ಲ. ಬವೇರಿಯಾದ ಅರಸ 1553ರಲ್ಲಿಯೇ, ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಯಾರೂ ಬಿಯರ್ ಕುದಿಸಕೂಡದೆಂದು ಕಟ್ಟಪ್ಪಣೆ ಮಾಡಿದ್ದ. ಬೇಸಗೆಯಲ್ಲಿ ಕಾಸಿದ ಬಿಯರ್ ಕೆಡುತ್ತಿತ್ತಲ್ಲ! ಹಾಗಾಗಿ ವಸಂತದೊಳಗೆ ಸಿದ್ಧವಾದುದನ್ನು ಶರದೃತುವಿನವರೆಗೆ ಕಾಪಾಡಲು ಅಲ್ಲಿನವರು ನೆಲದಡಿಯಲ್ಲಿ ಕೋಣೆಗಳನ್ನು ತೋಡಿದರು. ಮೇಲೆ ನೆರಳಿಗೆಂದು ಚೆಸ್ಟ್‌ನಟ್ ಮರಗಳನ್ನು ನೆಟ್ಟರು. 1870ರ ದಶಕದಲ್ಲಿ ಕಾರ್ಲ್ ಲಿಂಡೆ ಎಂಬ ವಿದ್ವಾಂಸ ಮ್ಯೂನಿಕ್ಕಿನ ಭಟ್ಟಿಯೊಂದಕ್ಕೆ ಶೀತಲಯಂತ್ರವನ್ನು ರಚಿಸಿಕೊಟ್ಟ. ಇಂದು ಮನೆಮನೆಯಲ್ಲಿ ಹಾಲು ತರಕಾರಿಗಳನ್ನು ಕಾಯುವ ಫ್ರಿಜ್ಜಿನ ಪೂರ್ವಜರಲ್ಲೊಂದು ಹೀಗೆ ಬಿಯರಿನ ಸೇವೆಗೆಂದೇ ಹುಟ್ಟಿದುದು ವಿನೋದದ ಸಂಗತಿ.

ನಮ್ಮ ಇಂಜಿನಿಯರ್ ಕುಡುಕನಲ್ಲ. ವಾರಕ್ಕೊಂದು ಲೋಟ ಅವನ ಮಿತಿ. ಆದರೆ 2003ರ ಶರತ್ಕಾಲದಲ್ಲಿ ಮಗಳು ಹುಟ್ಟಿದಾಗ ಸಹೋದ್ಯೋಗಿಯೊಬ್ಬ ಅವನ ಕಿವಿಯಲ್ಲಿ ಒಂದು ಹುಳು ಬಿಟ್ಟ. ಇಂಗ್ಲೆಂಡಿನ ಡಾರ್ಚೆಸ್ಟರಿನಲ್ಲಿ 1968ರಲ್ಲಿ, ಕಾದಂಬರಿಕಾರ ಥಾಮಸ್ ಹಾರ್ಡಿಯ ನೆನಪಿಗೆಂದು ಒಂದು ಗಟ್ಟಿ ಬಿಯರನ್ನು ತಯಾರಿಸಿದ್ದರಂತೆ. ಬಾಟಲಿಯಲ್ಲಿಯೇ 25 ವರ್ಷ ಇಟ್ಟರೂ ಅದು ಮಾಗುತ್ತ ಹೋಗುವುದೆಂದು ತಯಾರಕರ ಭರವಸೆ. ಮಗು ಹುಟ್ಟಿದ ವರ್ಷದ ಬಾಟಲಿಯನ್ನು ಕಾದಿಟ್ಟು, ಅದು ಪ್ರಾಯಕ್ಕೆ ಬಂದಾಗ ತೆರೆದರೆ ಹೇಗೆ? ಆ ದೇಶದಲ್ಲಿ ಅದಕ್ಕೆ 21 ವರ್ಷ ತುಂಬಬೇಕು. ಅವನು ಅದೇ ಡಿಸೆಂಬರಿನಲ್ಲಿ ಬಾರ್ಲಿ ವೈನ್ ಎಂಬ ಜಾತಿಯ 12 ಬಾಟಲಿಗಳನ್ನು ಕೊಂಡು ತಂದ. ಹೆಸರಿನಲ್ಲಿ ವೈನ್ ಇದ್ದರೂ ಅದು ಬಿಯರೇ. ಹೆಂಡತಿ ನಕ್ಕು, “ಮಗಳಿಗೆ ಬಂಗಾರ ಕೂಡಿಡುವ ಅಪ್ಪಂದಿರನ್ನು ನೋಡಿದ್ದೆ,” ಎಂದಷ್ಟೇ ಹೇಳಿದಳು.

ಎಲ್ಲ ಬಿಯರೂ ವಯಸ್ಸಾದಂತೆ ಉತ್ತಮವಾಗುವುದಿಲ್ಲ. ಅಂಗಡಿಯ ಸಾಮಾನ್ಯ ಬಿಯರನ್ನು ಹೊಸದಿರುವಾಗಲೇ ಕುಡಿಯಬೇಕು. ಹಾಪ್ ಹೂವಿನ ಕಹಿ ಸುವಾಸನೆಯೇ ಅದರ ಪ್ರಾಣ, ಅದು ಮೊದಲು ಹಾರಿಹೋಗುತ್ತದೆ. ಮದ್ಯಸಾರ ನೂರಕ್ಕೆ ಎಂಟು ಹತ್ತರಷ್ಟಿರುವ ಕಪ್ಪನೆಯ, ದಪ್ಪನೆಯ ಬಿಯರುಗಳು ಸಾಮಾನ್ಯವಾಗಿ ಕಾಲವನ್ನು ತಾಳುತ್ತವೆ. ಅವಕ್ಕೂ ಮೂರು ಶತ್ರುಗಳು: ಬೆಳಕು, ಗಾಳಿ, ಶಾಖ. ಬೆಳಕು ಬಿದ್ದರೆ ಹಾಪಿನ ಸಾರ ಒಡೆದು ದುರ್ವಾಸನೆ ಹುಟ್ಟುತ್ತದೆ. ಕಂದು ಬಾಟಲಿ ಇರುವುದು ಅದಕ್ಕಾಗಿಯೇ. ಗಾಳಿ ತಗಲುವ ಮೈ ಕಡಿಮೆಯಾಗಲೆಂದೂ ಗಸಿ ತಳದಲ್ಲಿ ನಿಲ್ಲಲೆಂದೂ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಬೇಕು. ಇನ್ನು ಶಾಖ: ಹತ್ತು ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ.

ಈ ಕೊನೆಯ ಪಾಠವನ್ನು ಅವನು ನಷ್ಟಪಟ್ಟು ಕಲಿತ. ಬಾಡಿಗೆಯ ಮನೆಯಲ್ಲಿ ಬಾಟಲಿಗಳನ್ನಿಟ್ಟಿದ್ದ ಗೂಡಿನ ಹಿಂದೆಯೇ ಮನೆ ಬೆಚ್ಚಗಿಡುವ ಕೊಳವೆ ಹಾದುಹೋಗಿತ್ತು. 2006ರಲ್ಲಿ ಪರೀಕ್ಷೆಗೆಂದು ಒಂದನ್ನು ತೆರೆದರೆ ನೆನೆದ ರಟ್ಟಿನ ವಾಸನೆ! ಉಳಿದ 11ನ್ನು ಅಂದೇ ಸಹೋದ್ಯೋಗಿಯ ನೆಲಮಾಳಿಗೆಗೆ ಸಾಗಿಸಿದ. ಅವೆಷ್ಟು ಕೆಟ್ಟಿವೆ, ಎಷ್ಟು ಉಳಿದಿವೆ, ತೆರೆಯದೆ ತಿಳಿಯುವಂತಿರಲಿಲ್ಲ, ತೆರೆದರೆ ಉಳಿಯುವಂತಿರಲಿಲ್ಲ.

ಸ್ವಂತ ಮನೆಯಾದ ಮೇಲೆ, 2010ರ ವಸಂತದಲ್ಲಿ, ಅವನು ತನ್ನದೇ ನೆಲಮಾಳಿಗೆಯಲ್ಲಿ ಏರ್ಪಾಡು ಮಾಡಿದ. ಹಳೆಯದೊಂದು ಫ್ರಿಜ್ಜನ್ನು ತಂದು, ಗಾಜಿನ ತಟ್ಟೆಗಳನ್ನು ತೆಗೆದು ಭಾರ ತಾಳುವ ಹಲಗೆಗಳನ್ನು ಕೂಡಿಸಿದ. ಫ್ರಿಜ್ಜಿನ ಸಹಜ ಉಷ್ಣತೆ 3–4 ಡಿಗ್ರಿ. ಅಷ್ಟು ಚಳಿಯಲ್ಲಿ ಬಿಯರ್ ಮಾಗದೆ ಮರಗಟ್ಟಿ ಕೂಡುತ್ತದೆ. ಬೇಕಾದುದು 10ರಿಂದ 13 ಡಿಗ್ರಿ ಸೆಂಟಿಗ್ರೇಡ್. ಅದಕ್ಕೆಂದು ಗೋಡೆಗೂ ಫ್ರಿಜ್ಜಿಗೂ ನಡುವೆ ಉಷ್ಣನಿಯಂತ್ರಕವೊಂದನ್ನು ಜೋಡಿಸಿದ. ಅದರ ತಂತಿಯ ತುದಿಯ ಸೂಕ್ಷ್ಮ ಕಡ್ಡಿ ಒಳಗಿನ ಸೆಕೆಯನ್ನು ಅಳೆಯುತ್ತದೆ. 12 ಡಿಗ್ರಿ ದಾಟಿದರೆ ವಿದ್ಯುತ್ತನ್ನು ಬಿಡುತ್ತದೆ, ಇಳಿದರೆ ಕಡಿಯುತ್ತದೆ. ಬಾರ್ಲಿ ವೈನ್ 11, ಬೆಲ್ಜಿಯಮ್ಮಿನ ಮಠಗಳ ಬಿಯರು ಮತ್ತಿತರವು 35; ಒಟ್ಟು 46 ಬಾಟಲಿಗಳು ಒಳಸೇರಿದವು.

ಅದೇ ಜೂನಿನಲ್ಲಿ ಧಾರವಾಡದಿಂದ ತಂದೆ ಬಂದರು. ನಿವೃತ್ತ ಗಣಿತದ ಮಾಸ್ತರರು. ಚಹಕ್ಕೆ ಸಹ ಎರಡೇ ಬಾರಿ ಎಂಬ ಕಟ್ಟುನಿಟ್ಟು. ಮದ್ಯದ ಹೆಸರೆತ್ತಿದರೆ ಅವರು ಎದ್ದುಹೋಗುತ್ತಿದ್ದರು, ಅದಕ್ಕೆ ಕಾರಣವಿತ್ತು. ಅವರ ಒಬ್ಬನೇ ತಮ್ಮ ಕುಡಿತದಿಂದ ಹೊಲ ಕಳೆದು, ಕೊನೆಗೆ ತಾನೂ ಕಳೆದುಹೋಗಿದ್ದ. ಮಗ ಫ್ರಿಜ್ಜಿನ ಮೇಲೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟು, ಕೇಳಿದರೆ ಏನು ಹೇಳಬೇಕೆಂಬುದನ್ನೂ ಯೋಚಿಸಿಟ್ಟುಕೊಂಡ.

ಮಾಸ್ತರರಿಗೆ ನೆಲಮಾಳಿಗೆಯ ತಂಪು ಹಿಡಿಸಿತು. ಮಧ್ಯಾಹ್ನವೆಲ್ಲ ಅಲ್ಲಿಯೇ ಕುರ್ಚಿ ಹಾಕಿಕೊಂಡು ಓದುತ್ತಿದ್ದರು. ಒಂದು ಸಂಜೆ ಮಗ ಕೆಳಗಿಳಿದು ಬಂದಾಗ ಅವರ ಕೈಯಲ್ಲಿ ಪುಸ್ತಕವಿರಲಿಲ್ಲ, ಗಡಿಯಾರವಿತ್ತು.

“ತಮ್ಮಾ, ಆ ಸೀರಿ ಹಿಂದಿನ ಯಂತ್ರ ಒಂದು ತಾಸಿನಾಗ 9 ಸಲ ಟಕ್ ಅಂತದ. ಏನದ ಅದರಾಗ?”

“ಔಷಧ, ಅಪ್ಪಾ. ತಂಪಿನಾಗ ಇಡಬೇಕಾಗತದ.”

“ಔಷಧ ಇದ್ದರ ಹಿಂಗ ಆಗಬಾರದು,” ಎಂದು ಅವರು ಎದ್ದು ಸೀರೆಯನ್ನು ಸರಿಸಿ ಬಾಗಿಲು ತೆರೆದರು. ಒಳಗಿನ ದೀಪ ಹತ್ತಲಿಲ್ಲ. ಬೆಳಕು ಬೇಡವೆಂದು ಮಗ ಅದನ್ನು ಮೊದಲೇ ಕಳಚಿದ್ದ. ಆ ಕತ್ತಲೆಯಲ್ಲಿಯೂ ಬಾಟಲಿಗಳು ಕಾಣದಿರಲಿಲ್ಲ. ಅವರು ಮೆಲ್ಲನೆ ಬಾಗಿಲು ಮುಚ್ಚಿ, ಸೀರೆಯನ್ನು ಮಡಿಚಿ ಕುರ್ಚಿಯ ಮೇಲಿಟ್ಟು, ಮೆಟ್ಟಿಲೇರಿ ಹೋದರು.

ಎರಡು ದಿನ ಮನೆಯಲ್ಲಿ ಮಾತಿಲ್ಲ. ಊಟಕ್ಕೆ ಕುಳಿತರೂ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಆರು ವರ್ಷದ ಮೊಮ್ಮಗಳೊಂದಿಗೆ ಮಾತ್ರ ಮಗ್ಗಿಯ ಪಾಠ ನಡೆದಿತ್ತು. ಮೂರನೆಯ ಸಂಜೆ ಮಗನೇ ಹೋಗಿ ಎದುರು ಕುಳಿತು, ಮಗಳು ಹುಟ್ಟಿದ ವರ್ಷದಿಂದ ಮೊದಲುಮಾಡಿ ಒಂದನ್ನೂ ಬಿಡದೆ ಹೇಳಿದ. ಮಾಸ್ತರರು ಕೊನೆಯವರೆಗೂ ಕೇಳಿದರು.

“ನಮ್ಮ ಹಗೇವು ಯಾಕ ಮುಚ್ಚಿಸಿದೆ, ಗೊತ್ತದ ಏನು ನಿನಗ?” ಎಂದರು ಆಮೇಲೆ. “ಇಲಿ ಸೇರಿದ್ದಕ್ಕ ಅಂತ ನಿಮಗೆಲ್ಲಾ ಹೇಳಿದ್ದೆ. ಇಲಿ ಅಲ್ಲ. ಖಾಲಿ ಹಗೇವಿನಾಗ ನಿಮ್ಮ ಕಾಕಾ ಬಾಟಲಿ ಬಚ್ಚಿಡತಿದ್ದ. ಒಂದು ದಿನ ಕಂದೀಲು ಹಿಡಕೊಂಡು ನಾನೇ ಇಳಿದು ನೋಡಿದೆ. ನೋಡಿದ್ದನ್ನ ಯಾರಿಗೂ ಹೇಳಲಿಲ್ಲ, ಅವನನ್ನೂ ಕೇಳಲಿಲ್ಲ. ಬಾಯಿಗೆ ಮಣ್ಣು ಹಾಕಿಸಿದೆ. ಅವ ಬ್ಯಾರೆ ಜಾಗಾ ಹುಡುಕಿಕೊಂಡ.”

ಮಗನಿಗೆ ಉತ್ತರ ತೋಚಲಿಲ್ಲ.

“ನಾ ಹೂಂ ಅನ್ನೂದಿಲ್ಲ. ಬಿಸಾಡು ಅಂತನೂ ಅನ್ನೂದಿಲ್ಲ. ನಿನ್ನ ಮನಿ, ನಿನ್ನ ವಯಸ್ಸು. ಖರೆ, ಆ ಸೀರಿ ಮತ್ತ ಹಾಕಬ್ಯಾಡ. ಕಾಳು ಕೂಡಿಡೂದು ಬ್ಯಾರೆ, ಬಚ್ಚಿಡೂದು ಬ್ಯಾರೆ.”

ಮರುದಿನ ಬೆಳಗ್ಗೆ ಅವರೇ ಮಗನನ್ನು ಕೆಳಗೆ ಕರೆದೊಯ್ದರು. ಟಕ್ ಎಂಬ ಸದ್ದಿನ ಕಾರಣವನ್ನು ಅಷ್ಟರಲ್ಲಿ ಅವರು ಕಂಡುಕೊಂಡಿದ್ದರು. ಕಡ್ಡಿ ಗಾಳಿಯಲ್ಲಿ ತೂಗಾಡುತ್ತಿತ್ತು. ಗಾಳಿ ಚಣದಲ್ಲಿ ತಣಿದು ಚಣದಲ್ಲಿ ಕಾಯುತ್ತದೆ, ಬಾಟಲಿಯ ಒಡಲು ಹಾಗಲ್ಲ. “ಅದು ಗಾಳೀನ ಕೇಳಲಿಕ್ಕೆ ಹತ್ತೇದ, ಬಾಟಲೀನ ಕೇಳವಲ್ದು,” ಎಂದು ಹೇಳಿ, ಖಾಲಿ ಬಾಟಲಿಗೆ ನೀರು ತುಂಬಿಸಿ ಕಡ್ಡಿಯನ್ನು ಅದರಲ್ಲಿ ಇಳಿಬಿಡಿಸಿದರು. ಮಗ ಯಂತ್ರಕ್ಕೆ ಐದು ನಿಮಿಷಗಳ ವಿರಾಮವನ್ನೂ ಗೊತ್ತುಮಾಡಿದ. ಆ ದಿನ ಮಾಸ್ತರರ ಗಡಿಯಾರದಲ್ಲಿ ತಾಸಿಗೊಮ್ಮೆಯೂ ಸದ್ದು ಬರಲಿಲ್ಲ.

ಬಳಿಕ ಒಂದು ನೋಟುಬುಕ್ಕನ್ನು ತರಿಸಿ, ಪಟ್ಟಿಯಿಟ್ಟು ನಾಲ್ಕು ಕಾಲಂ ಎಳೆದರು: ಬಂದದ್ದು, ಹೋದದ್ದು, ಉಳಿದದ್ದು, ಯಾರ ಕೂಡ. ಮೊದಲ ಸಾಲಿನಲ್ಲಿ 46 ಎಂದು ಕನ್ನಡದ ಅಂಕಿಗಳಲ್ಲಿ ತಾವೇ ಬರೆದರು.

“ನಾಲ್ಕನೇ ಕಾಲಂ ಯಾಕ, ಅಪ್ಪಾ?”

“ಕಾಕಾನ ಕೂಡ ಯಾರೂ ಇರತಿರಲಿಲ್ಲ. ಆ ಕಾಲಮ್ಮಿನಾಗ ಬರಿಯಲಿಕ್ಕೆ ಹೆಸರು ಇಲ್ಲದ ದಿನ ಬಾಗಿಲಾ ತಗೀಬ್ಯಾಡ.”

ಮಾಸ್ತರರು 2019ರಲ್ಲಿ ಧಾರವಾಡದಲ್ಲಿ ತೀರಿಕೊಂಡರು. ಅದಾದ ಮೇಲೆ ಬಹಳ ದಿನ ಮಗ ನೆಲಮಾಳಿಗೆಗೆ ಇಳಿಯಲಿಲ್ಲ. ಲೆಕ್ಕದ ಪುಸ್ತಕ ಮಾತ್ರ ಫ್ರಿಜ್ಜಿನ ನೆತ್ತಿಯ ಮೇಲೆ ತನ್ನ ಸ್ಥಾನದಲ್ಲಿತ್ತು. ಬೆಲ್ಜಿಯಮ್ಮಿನವು ಒಂದೊಂದಾಗಿ ಬಂದವು, ಹೋದವು. ಪ್ರತಿ ಸಾಲಿನ ಕೊನೆಗೂ ಒಂದು ಹೆಸರಿತ್ತು. ಬಾರ್ಲಿ ವೈನಿನ 11 ಹಾಗೆಯೇ ಉಳಿದವು.

2024ರ ಶರತ್ಕಾಲದಲ್ಲಿ ಮಗಳಿಗೆ 21 ತುಂಬಿತು. ಮೂವರೂ ಕೆಳಗಿಳಿದು ಒಂದು ಬಾಟಲಿಯನ್ನು ತೆಗೆದರು. ಅಪ್ಪ ಮುಚ್ಚಳವನ್ನು ಬಿಚ್ಚಿ, ಮೊದಲು ಮೂಸಿ ನೋಡಿದ. ನೆನೆದ ರಟ್ಟಿನ ವಾಸನೆ ಇದ್ದೇ ಇತ್ತು. ಮೊದಲ ವರ್ಷಗಳ ಅಜಾಗರೂಕತೆ ಅಳಿದಿರಲಿಲ್ಲ. ಮಗಳು ಒಂದು ಗುಟುಕು ಕುಡಿದು ಮುಖ ಕಿವಿಚಿದಳು. ಸ್ವಲ್ಪ ಹೊತ್ತಾದ ಮೇಲೆ ಎರಡನೆಯ ಗುಟುಕು ಕುಡಿದು, “ಇದರ ಹಿಂದೆ ಏನೋ ಇದೆ. ಖರ್ಜೂರ? ಅಲ್ಲ, ಅಜ್ಜ ತರುತ್ತಿದ್ದರಲ್ಲ, ಆ ಕಪ್ಪು ಬೆಲ್ಲ!” ಎಂದಳು. ಲೋಟದಲ್ಲಿ ಉಳಿದುದನ್ನು ತಾಯಿಯ ಕಡೆಗೆ ಸರಿಸಿದಳು.

ಲೆಕ್ಕ ಬರೆಯುವ ಕೆಲಸವನ್ನು ಅವಳೇ ಕೇಳಿ ತೆಗೆದುಕೊಂಡಳು. ಮೊದಲ ಹಾಳೆಯ ಅಂಕಿಗಳನ್ನು ಓದಲು ಅವಳಿಗೆ ಬರಲಿಲ್ಲ. ಅಜ್ಜ ಕಲಿಸಿದ್ದ ಮಗ್ಗಿಯೆಲ್ಲ ಬಾಯಿಪಾಠವಾಗಿತ್ತು. ಅಪ್ಪ ಒಂದರಿಂದ ಹತ್ತರವರೆಗೆ ಅಂಚಿನಲ್ಲಿ ಬರೆದು ತೋರಿಸಿದ. ಅವಳು ಅದನ್ನು ನೋಡಿಕೊಂಡು, ಹೋದದ್ದು 1, ಬಾರ್ಲಿ ವೈನ್ ಉಳಿದದ್ದು 10 ಎಂದು ಕನ್ನಡದಲ್ಲಿಯೇ ತಿದ್ದಿದಳು. ನಾಲ್ಕನೆಯ ಕಾಲಮ್ಮಿನಲ್ಲಿ ಮೂವರ ಹೆಸರನ್ನೂ ಒತ್ತೊತ್ತಾಗಿ ಬರೆದಳು. ಫ್ರಿಜ್ಜು ಒಮ್ಮೆ ಟಕ್ ಎಂದು ಸುಮ್ಮನಾಯಿತು.