ಅಜ್ಜಿಯ ಲೋಟ

ಹೋದ ತಿಂಗಳು ಒಂದು ಮಧ್ಯಾಹ್ನ ಮೊಮ್ಮಗಳು ಅಡುಗೆಮನೆಯಲ್ಲಿ ನಿಂತು ಅಜ್ಜಿಯ ಲೋಟವನ್ನೇ ನೋಡುತ್ತಿದ್ದಳು. ಐದನೇ ತರಗತಿ ಹುಡುಗಿ. ಏನಮ್ಮಾ ಎಂದೆ.

"ತಾತ, ಇದನ್ನ ಮುಟ್ಟಿದ್ರೆ ನಂಗೂ ಕ್ಯಾನ್ಸರ್ ಬರುತ್ತಾ?"

ಶಾಲೆಯಲ್ಲಿ ಯಾರೋ ಹಾಗೆ ಹೇಳಿದ್ದರಂತೆ. ಎರಡು ದಿನದಿಂದ ಅವಳು ಅಜ್ಜಿಯ ಕೋಣೆಗೆ ಹೋಗಿರಲಿಲ್ಲ. ನನ್ನ ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ಅವಳಿಗೆ ತಿಳಿಯದೆ ಇರುತ್ತದೆಯೇ?

ಮೊಮ್ಮಗಳನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ. ನಾನು ಅವಳಷ್ಟೇ ಇದ್ದಾಗ, 1960ರ ಸುಮಾರಿಗೆ, ನಮ್ಮ ಸೋದರತ್ತೆಗೂ ಇದೇ ಎದೆಯ ಗಂಟಾಗಿತ್ತು. ಮನೆಯಲ್ಲಿ ರೋಗದ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಹಿಂದಿನ ಕೋಣೆ, ಬೇರೆ ತಟ್ಟೆ. ಬಾಗಿಲಲ್ಲೇ ನಿಂತು ಆ ತಟ್ಟೆಯನ್ನು ಒಳಗೆ ತಳ್ಳುತ್ತಿದ್ದವನು ನಾನೇ. "ಬಾರೋ, ಸ್ವಲ್ಪ ಹೊತ್ತು ಕೂತ್ಕೋ" ಎಂದು ಅತ್ತೆ ಕರೆದರೆ ಓಡಿಬಿಡುತ್ತಿದ್ದೆ.

ಅದಕ್ಕೇ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನಾನು ಓದಿದ್ದು ಬಿ.ಕಾಂ., ಜೀವನವೆಲ್ಲ ಬ್ಯಾಂಕಿನ ಗುಮಾಸ್ತ. ಡಾಕ್ಟರು ಹೇಳಿದ್ದನ್ನು ನನಗೆ ಗೊತ್ತಿರುವ ಲೆಕ್ಕದ ಭಾಷೆಯಲ್ಲೇ ಹೇಳಿದೆ.

ನಮ್ಮ ಮೈಯಲ್ಲಿ ಲಕ್ಷಾಂತರ ಕೋಟಿ ಜೀವಕೋಶಗಳಿವೆ. ಹಳೆಯವು ಸಾಯುತ್ತವೆ, ಒಂದು ಎರಡಾಗಿ ಹೊಸವು ಹುಟ್ಟುತ್ತವೆ. ಎರಡಾಗುವ ಮುಂಚೆ ಕೋಶವು ತನ್ನೊಳಗಿನ ಡಿಎನ್‌ಎ ಎಂಬ ಬರಹವನ್ನು ನಕಲು ಮಾಡಬೇಕು. ಅದರಲ್ಲಿ 300 ಕೋಟಿಗೂ ಹೆಚ್ಚು ಅಕ್ಷರಗಳು! ಲೆಡ್ಜರಿನ ಒಂದು ಪುಟದ ಬಾಕಿಯನ್ನು ಮುಂದಿನ ಪುಟಕ್ಕೆ ಬರೆಯುವಷ್ಟರಲ್ಲೇ ನನ್ನ ಕೈಯಲ್ಲಿ 69 ಹೋಗಿ 96 ಆಗುತ್ತಿತ್ತು. (ವ್ಯತ್ಯಾಸ 27. ಅದು 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದೆಂದು ಹುಡುಕುತ್ತಿದ್ದೆವು. ಮಕ್ಕಳು ಬೇರೆ ಅಂಕಿಗಳಲ್ಲೂ ಮಾಡಿ ನೋಡಿ.) ನನ್ನ ತಪ್ಪು ಹಿಡಿಯಲು ಆಫೀಸರು ಇದ್ದ ಹಾಗೆ ಕೋಶದಲ್ಲೂ ತಪ್ಪು ತಿದ್ದುವ ವ್ಯವಸ್ಥೆ ಇದೆ. ತಿದ್ದಲಾಗದಷ್ಟು ಕೆಟ್ಟ ಕೋಶ ಸಾಮಾನ್ಯವಾಗಿ ತಾನೇ ಸಾಯುತ್ತದೆ. ಆದರೆ ವರ್ಷಗಳು ಕಳೆದಂತೆ ಕಣ್ತಪ್ಪಿಸಿಕೊಂಡ ಹಲವು ತಪ್ಪುಗಳು ಒಂದೇ ಕೋಶದಲ್ಲಿ ಕೂಡಿಬಿದ್ದರೆ, ಅದು ನಿಲ್ಲೆಂದರೂ ನಿಲ್ಲದೆ ಬೆಳೆಯತೊಡಗುತ್ತದೆ. ಅದೇ ಕ್ಯಾನ್ಸರ್. ರಕ್ತದ ಜೊತೆ ಸಾಗಿ ಬೇರೆ ಅಂಗದಲ್ಲೂ ಬೇರೂರಬಹುದು. ತಂಬಾಕು, ಅಡಿಕೆ ಇದಕ್ಕೆ ದಾರಿ ಮಾಡಿಕೊಡುತ್ತವೆ. (ಎಲೆಯಡಿಕೆ ಡಬ್ಬಿಯನ್ನು ನಾನು ಬಿಟ್ಟದ್ದು ಈಚೆಗೆ, ಹೆಂಡತಿಯ ಕಣ್ಣಿಗೆ ಹೆದರಿ.) ಹಾಗೆಂದು ಗಂಟೆಲ್ಲ ಕ್ಯಾನ್ಸರ್ ಅಲ್ಲ, ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೇ ಖಚಿತವಾಗಿ ಹೇಳುತ್ತಾರೆ.

"ಹಾಗಾದ್ರೆ ಮುಟ್ಟಿದ್ರೆ ಬರಲ್ವಾ?"

"ಇಲ್ಲ. ಅಪ್ಪಿಕೊಂಡರೂ ಬರಲ್ಲ."

"ಮತ್ತೆ ಅಜ್ಜಿ ಕೂದಲು?"

ಅದು ಔಷಧಿಯ ಕೆಲಸ. ಬೇಗಬೇಗ ಎರಡಾಗುವ ಕೋಶಗಳನ್ನು ಅದು ಹೊಡೆಯುತ್ತದೆ. ಕೂದಲ ಬುಡದ ಕೋಶಗಳೂ ಅಂಥವೇ, ಪಾಪ. ಚಿಕಿತ್ಸೆ ಮುಗಿದರೆ ಸಾಮಾನ್ಯವಾಗಿ ಮತ್ತೆ ಹುಟ್ಟುತ್ತದೆ. ಅದೇ ಔಷಧಿಯಿಂದ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಕಡಿಮೆಯಾಗುತ್ತವೆ. ಹಾಗಾಗಿ ನಮ್ಮ ಸಣ್ಣ ನೆಗಡಿಯೂ ಅವಳಿಗೆ ಅಪಾಯ. ಬೇರೆ ಲೋಟ ಇಟ್ಟಿರುವುದು ನಮ್ಮಿಂದ ಅಜ್ಜಿಯನ್ನು ಕಾಪಾಡಲು ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಸಿಂಕಿನ ಹತ್ತಿರ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡಳು. "ನಂಗೆ ನೆಗಡಿ ಇಲ್ಲ ಅಲ್ವಾ ತಾತ?" ಎಂದು ಎರಡು ಸಲ ಕೇಳಿ ಕೋಣೆಯೊಳಗೆ ಹೋದಳು.

ಒಳಗಿನಿಂದ ನನ್ನ ಹೆಂಡತಿಯ ದನಿ ಕೇಳಿಸಿತು. "ಏನೇ ಇದು, ಎರಡು ದಿನದಿಂದ ತಲೆ ಬಾಚಿಲ್ವಾ? ಬಾಚಣಿಗೆ ತಗೊಂಡು ಬಾ, ಜಡೆ ಹಾಕ್ತೀನಿ."