ತುಂಗೆಯ ದಡದ ಮಾತು, ಭದ್ರೆಯ ದಡದ ಮಾತು

ಶಿವಮೊಗ್ಗದಿಂದ ಏಳೆಂಟು ಕಿಲೋಮೀಟರ್ ಹೋದರೆ ತುಂಗೆಯ ದಡದಲ್ಲಿ ಮತ್ತೂರು. ಸಂಸ್ಕೃತ ಮಾತಾಡುವ ಊರೆಂದು ಇದರ ಹೆಸರು ಕೇಳದವರಿಲ್ಲ. ಆದರೆ ಕೇಳಿ ತಿಳಿಯುವುದೇ ಬೇರೆ, ಕಿವಿಯಾರೆ ಕೇಳುವುದೇ ಬೇರೆ. ಅಗ್ರಹಾರದ ಬೀದಿಯಲ್ಲಿ ಇಬ್ಬರು ಹುಡುಗರು ಚೆಂಡಿಗಾಗಿ ಜಗಳಕ್ಕೆ ನಿಂತಿದ್ದರು. "ಕಂದುಕಂ ಮಮ!" "ನೈವ, ಮಮ ಏವ!" ವಿಭಕ್ತಿ ತಪ್ಪಲಿಲ್ಲ, ಮುಷ್ಟಿಯೂ ಸಡಿಲಲಿಲ್ಲ. ದೇವಭಾಷೆಯಲ್ಲಿ ಇಷ್ಟು ಸೊಗಸಾಗಿ ಕಿತ್ತಾಡಬಹುದೆಂದು ಯಾವ ವ್ಯಾಕರಣ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಕ್ರಿಕೆಟ್ಟಿನ ಔಟ್ ಮಾತ್ರ ಸಂಸ್ಕೃತದಲ್ಲೂ ಔಟೇ!

1980ರ ದಶಕದ ಆರಂಭದಲ್ಲಿ ನಡೆದ ಸಂಭಾಷಣಾ ಶಿಬಿರದಿಂದ ಬೆಳೆದ ರೂಢಿ ಇದು. ಆದರೆ ಇಲ್ಲಿನ ಹೆಚ್ಚಿನ ಅಗ್ರಹಾರದ ಮನೆಗಳಲ್ಲಿ ತಾಯಿ ಮಗುವಿಗೆ ಗದರುವುದು ಸಂಕೇತಿಯಲ್ಲಿ. ವಲಸೆಗೆ ಮುಂದಾಳಾದಳೆನ್ನುವ ನಾಚಾರಮ್ಮನ ಕಥೆ ಹೊತ್ತು ತಮಿಳುನಾಡಿನ ಸೆಂಗೋಟೆಯ ಕಡೆಯಿಂದ ಶತಮಾನಗಳ ಹಿಂದೆ ಬಂದವರ ಮಾತದು. ತಮಿಳಿನ ಬೇರು, ಮಲಯಾಳದ ನಂಟು, ಕನ್ನಡದ ಒಗ್ಗರಣೆ. ಜಗುಲಿಯ ಮೇಲಿದ್ದ ಹಿರಿಯರೊಬ್ಬರು ನನ್ನನ್ನು "ಭವಾನ್ ಕುತಃ ಆಗತವಾನ್?" ಎಂದು ವಿಚಾರಿಸಿಕೊಂಡು, ಒಳಗೆ ಸಂಕೇತಿಯಲ್ಲಿ ಕಾಫಿಗೆ ಕೂಗಿ, ಅಡಿಕೆ ಸುಲಿಯಲು ಬಂದವರೊಡನೆ ಕನ್ನಡದಲ್ಲಿ ಲೆಕ್ಕ ಮುಗಿಸಿದರು. ಅಷ್ಟರಲ್ಲಿ ಫೋನ್ ಬಂತು, ಮಾತು ಇಂಗ್ಲಿಷಿಗೆ ತಿರುಗಿತು. ಕಾಫಿ ಇನ್ನೂ ಬಂದಿರಲಿಲ್ಲ.

ಹೊಳೆಯ ಆಚೆ ದಡದ ಹೊಸಹಳ್ಳಿ ಕನ್ನಡದ ಪಾಲಿಗೆ ಇನ್ನೂ ದೊಡ್ಡ ಊರು ಎಂಬುದು ನನ್ನ ಅನಿಸಿಕೆ. ಇದು ಗಮಕದ ಊರು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಇಲ್ಲಿಯವರು. ಒಬ್ಬರು ಕಾವ್ಯವನ್ನು ರಾಗದಲ್ಲಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ರಾಗಕ್ಕೆಂದು ಪದವನ್ನು ತಪ್ಪು ಕಡೆ ಒಡೆಯುವಂತಿಲ್ಲ. ಕುಮಾರವ್ಯಾಸನ ಉತ್ತರಕುಮಾರ ಬಂದಾಗ ನೋಡಬೇಕು! ಅಂತಃಪುರದ ಹೆಂಗಳೆಯರ ಮುಂದೆ ಬಡಾಯಿ ಕೊಚ್ಚಿದ ರಾಜಕುಮಾರ ಕೌರವ ಸೇನೆ ಕಂಡೊಡನೆ ರಥದಿಂದ ಧುಮುಕಿ ಓಡುವ ಪ್ರಸಂಗ. ಅವನು ಧುಮುಕುವ ಮೊದಲೇ ಮುಂದಿನ ಸಾಲಿನ ಅಜ್ಜಿಯರು ಸೆರಗು ಬಾಯಿಗಿಟ್ಟು ನಗತೊಡಗುತ್ತಾರೆ. ಮುಂದೇನೆಂದು ಅವರಿಗೆ ಬಾಯಿಪಾಠ. ವ್ಯಾಖ್ಯಾನಕಾರರು ಬೇಕೆಂದೇ ತಡೆದು, ಉತ್ತರನನ್ನು ರಥದ ಅಂಚಿನಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಶತಮಾನಗಳ ಹಳೆಯ ನಗೆ, ಒಂದಿಷ್ಟೂ ಸವೆದಿಲ್ಲ.

ಶಿವಮೊಗ್ಗಕ್ಕೆ ಮರಳಿ, ಬಿ.ಎಚ್. ರಸ್ತೆ ಹಿಡಿದು ಭದ್ರೆಯ ದಡದ ಭದ್ರಾವತಿಗೆ ಇಳಿದರೆ ಪಂಡಿತರ ಜಾಗದಲ್ಲಿ ಕಾರ್ಮಿಕರು. ಬೆಂಕಿಪುರವೆಂದಿದ್ದ ಈ ಊರಲ್ಲಿ ಮೈಸೂರು ಕಬ್ಬಿಣ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು; 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಕೆಲಸ ಹುಡುಕಿ ಬಂದವರು ತಮಿಳು, ತೆಲುಗು, ಮಲಯಾಳ, ಉರ್ದುಗಳನ್ನೆಲ್ಲ ತಂದು ಒಂದೇ ವಠಾರದಲ್ಲಿ ಇಳಿಸಿದರು. ಕಾಗದದ ಯಂತ್ರಗಳು ನಿಂತು ವರ್ಷಗಳಾದವು. ಮಲೆನಾಡಿನ ಬಿದಿರು ಇಲ್ಲಿ ಹಾಳೆಯಾಗಿ ಎಷ್ಟು ಮಕ್ಕಳ ಅಕ್ಷರ ಹೊತ್ತಿತೋ ಎಂದು ನೆನೆದರೆ ಸಂಕಟವಾಗುತ್ತದೆ. ಮಾತು ಮಾತ್ರ ನಿಂತಿಲ್ಲ.

ನ್ಯೂಟೌನಿನ ಚಹದಂಗಡಿಯೊಂದರಲ್ಲಿ ನಿವೃತ್ತರ ಗುಂಪು. ಮಾತು ಕನ್ನಡದಲ್ಲಿ, ಆಣೆ ತಮಿಳಿನಲ್ಲಿ, ಚೇಷ್ಟೆ ಉರ್ದುವಿನಲ್ಲಿ, ನೋಟು ಎಣಿಸುವುದು ತೆಲುಗಿನಲ್ಲಿ. ಯಂತ್ರಗಳ ಗದ್ದಲದಲ್ಲಿ ಯಾವ ಭಾಷೆಯೂ ಕೇಳುತ್ತಿರಲಿಲ್ಲವಂತೆ. ಒಬ್ಬರು ತೋರಿಸಿದರು: ಅಂಗೈ ಮಡಿಸಿ ತುಟಿಯ ಬಳಿ ಓರೆಮಾಡಿದರೆ ಚಹಾ, ಹೆಗಲ ಮೇಲೆ ಎರಡು ಬೆರಳಿಟ್ಟರೆ ಮೇಸ್ತ್ರಿ ಬರುತ್ತಿದ್ದಾನೆ. "ಅಲ್ಲ, ಮೂರು ಬೆರಳು" ಎಂದರು ಪಕ್ಕದವರು. ಎರಡೋ ಮೂರೋ ಎಂಬ ವಾದ ನಾಲ್ಕು ಭಾಷೆ ಸುತ್ತಿ ಬರುವಷ್ಟರಲ್ಲಿ ಶಿವಮೊಗ್ಗದ ಬಸ್ಸು ಹೊರಟೇಹೋಯಿತು. ಇನ್ನೊಂದು ಚಹಾ ಹೇಳಿ, ನಾನು ಬೆಂಚನ್ನು ಹತ್ತಿರಕ್ಕೆ ಎಳೆದುಕೊಂಡೆ.